ಮೌರೀನಳ ಕೀಲು, ಪುಣೆಯ ಡಾಕ್ಟರು

ಹೊರಡುವ ಮೊದಲು

ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಸಣ್ಣ ಊರಿನಲ್ಲಿ, ಡಾಕ್ಟರರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಬೆಳಿಗ್ಗೆ ಎಂಟಕ್ಕೆ ಫೋನ್ ಶುರುವಾಗುತ್ತದೆ. ಎಂಟೂ ಇಪ್ಪತ್ತರ ಹೊತ್ತಿಗೆ ಆ ದಿನದ ಡಾಕ್ಟರರ ಸಮಯವೆಲ್ಲ ಮುಗಿದಿರುತ್ತದೆ. ಆಮೇಲೆ ಸಂಜೆಯವರೆಗೆ ನಾನು ಹೇಳುವುದು ಒಂದೇ ಮಾತು: ಇವತ್ತು ಆಗುವುದಿಲ್ಲ, ನಾಳೆ ಎಂಟಕ್ಕೆ ಮತ್ತೆ ಮಾಡಿ. ಧಾರವಾಡದಲ್ಲಿ ಹುಟ್ಟಿದವಳು, ಮದುವೆಯಾಗಿ ಆ ಊರಿಗೆ ಹೋಗಿ ಇಪ್ಪತ್ತಾರು ವರ್ಷವಾಯಿತು. ಅದರಲ್ಲಿ ಹದಿನಾಲ್ಕು ವರ್ಷ ಈ ಮಾತನ್ನು ಮೆತ್ತಗಿನ ದನಿಯಲ್ಲಿ ಹೇಳುತ್ತ ಬಂದಿದ್ದೇನೆ.

ಮೌರೀನ್ ನಮ್ಮ ಪಕ್ಕದ ಮನೆಯವಳು. ವಯಸ್ಸು ಎಪ್ಪತ್ತೊಂದು. ಊರ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು, ಈಗ ನಿವೃತ್ತೆ, ಗಂಡ ಇಲ್ಲ. ನಾನು ಹೊಸದಾಗಿ ಹೋದಾಗ ಮನೆ ಬೆಚ್ಚಗಿಡುವ ಯಂತ್ರ ಹೇಗೆ ಹಚ್ಚುವುದೆಂದು ಗೊತ್ತಾಗದೆ ಎರಡು ದಿನ ಕೋಟು ತೊಟ್ಟುಕೊಂಡೇ ಅಡುಗೆ ಮಾಡಿದ್ದೆ. ಬಂದು ಗುಂಡಿ ತೋರಿಸಿಕೊಟ್ಟವಳು ಅವಳೇ. ಎರಡು ವರ್ಷದಿಂದ ಅವಳ ಎಡ ಸೊಂಟದ ಕೀಲು ಸವೆದು ನಡೆಯುವುದು ಕಷ್ಟವಾಗಿತ್ತು. ಕೀಲು ಬದಲಿಸಬೇಕೆಂದು ತಜ್ಞರು ಪಟ್ಟಿಯಲ್ಲಿ ಹೆಸರು ಬರೆದುಕೊಂಡಿದ್ದರು. ಅಲ್ಲಿ ಎಲ್ಲವೂ ಸರ್ಕಾರದ್ದೇ, ರೋಗಿ ಒಂದು ಪೈಸೆ ಕೊಡಬೇಕಾಗಿಲ್ಲ. ಆದರೆ ಪಟ್ಟಿ ಮುಂದೆ ಸರಿಯುತ್ತಿರಲಿಲ್ಲ. ನೋವು ತಡೆಯದೆ ಅವಳು ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಎತ್ತುವವಳು ನಾನು. ಗೋಡೆಯಾಚೆಯ ಗೆಳತಿಗೂ ನಾನು ಹೇಳುತ್ತಿದ್ದುದು ಅದೇ ಮಾತು, ಅದೇ ದನಿಯಲ್ಲಿ. ಅವಳು ಬೇಸರ ಮಾಡಿಕೊಳ್ಳದೆ, ನೀನೇನು ಮಾಡುತ್ತೀಯ ಬಿಡು ಎಂದು ಫೋನ್ ಇಡುತ್ತಿದ್ದಳು.

ಒಂದು ದಿನ ಅವಳ ಮನೆಗೆ ಹೋದಾಗ ಬಾಗಿಲ ಗಾಜಿನಿಂದ ಒಳಗೆ ಕಂಡಿತು. ಮಹಡಿಯ ಮೆಟ್ಟಿಲನ್ನು ಅವಳು ಕೂತುಕೊಂಡು ಇಳಿಯುತ್ತಿದ್ದಳು, ಒಂದೊಂದೇ ಮೆಟ್ಟಿಲು, ಹೊಸದಾಗಿ ಇಳಿಯಲು ಕಲಿತ ಮಗುವಿನ ಹಾಗೆ. ಅವತ್ತು ನಾನು ಪುಣೆಯ ನಿಗಡಿಯಲ್ಲಿರುವ ನಮ್ಮ ಕುಸುಮ ವೈನಿಯ ವಿಷಯ ಹೇಳಿದೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವಳೂ ಇದೇ ಕೀಲು ಬದಲಿಸಿಕೊಂಡು ಈಗ ದಿನಾ ನಡೆದು ಹೋಗಿ ಕಾಯಿಪಲ್ಲೆ ತರುತ್ತಾಳೆ. ಎಷ್ಟು ಕಾಲ ಕಾದಳು ಎಂದು ಮೌರೀನ್ ಕೇಳಿದಳು. ಗುರುವಾರ ತೋರಿಸಿದಳು, ಸೋಮವಾರ ಆಪರೇಷನ್ ಆಯಿತು ಎಂದೆ. ಅವಳು ನಂಬಲಿಲ್ಲ. ವೈನಿಗೆ ಫೋನ್ ಹಚ್ಚಿ ಕೇಳಿಸಿದ ಮೇಲೆ ನಂಬಿದಳು. ಮರುವಾರವೇ, ಗಂಡನಿದ್ದಾಗ ರಜೆಗೆ ಹೋಗುತ್ತಿದ್ದ ಕ್ಯಾರವಾನ್ ಎಂಬ ಗಾಡಿಮನೆಯನ್ನು ಮಾರಿ ಬಂದು, ಟಿಕೆಟ್ ತೆಗೆಸು ಎಂದಳು.

ವೀಸಾ ಮಾಡಿಸುವಾಗಲೇ ಗೊಂದಲ ಶುರುವಾಯಿತು. ನನ್ನದೂ ಬ್ರಿಟಿಷ್ ಪಾಸ್‌ಪೋರ್ಟು. ಅವಳಿಗೆ ರೋಗಿ ಎಂದು, ನನಗೆ ರೋಗಿಯ ಜೊತೆಗಿರುವವಳು ಎಂದು ವೀಸಾ ಸಿಕ್ಕಿತು. ಹುಟ್ಟಿದ ದೇಶಕ್ಕೆ ಹೀಗೆ ಹೋಗುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ. ಪುಣೆಯಂತೂ ನನಗೆ ಪೂರಾ ಹೊಸ ಊರು. ಇದನ್ನು ವಿದೇಶ ಪ್ರವಾಸ ಎನ್ನಬೇಕೋ ತವರಿನ ಪ್ರವಾಸ ಎನ್ನಬೇಕೋ ಈಗಲೂ ತಿಳಿಯದು. ನಮ್ಮ ಕನ್ನಡ ಕೂಟದವರು ಬರೆದುಕೊಡು ಎಂದರು, ಬರೆಯುತ್ತಿದ್ದೇನೆ.

ಲೋಣಾವಳಾ

ಮುಂಬೈಯಲ್ಲಿ ಇಳಿದು ಬಾಡಿಗೆ ಕಾರಿನಲ್ಲಿ ಘಾಟ್ ಹತ್ತಿದೆವು. ಮಳೆ ಎಷ್ಟು ಜೋರೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಲೋಣಾವಳಾ ಹತ್ತಿರ ಬಂದಾಗ ಮೌರೀನ್ ಬಚ್ಚಲಿಗೆ ಹೋಗಲೇಬೇಕೆಂದಳು. ಚಿಕ್ಕಿ ಮಾರುವ ಒಂದು ಹೋಟೆಲಿನ ಮುಂದೆ ಡ್ರೈವರ್ ಕಾರು ನಿಲ್ಲಿಸಿದ. ಬಚ್ಚಲು ಹಿತ್ತಲಲ್ಲಿತ್ತು, ಏಳು ಮೆಟ್ಟಿಲು ಇಳಿದು ಹೋಗಬೇಕು, ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಮೌರೀನ್ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಮುಂದೆ ಹೋಗಲಾರಳು, ಹಿಂದೆ ತಿರುಗಲಾರಳು, ನಾನೊಬ್ಬಳೇ ಅವಳನ್ನು ಹಿಡಿಯಲಾರೆ.

ಚಿಕ್ಕಿ ಕಟ್ಟುತ್ತಿದ್ದ ಇಬ್ಬರು ಹೆಂಗಸರು ಇದನ್ನು ನೋಡಿದರು. ಏನೂ ಕೇಳದೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅವಳನ್ನು ಕೂರಿಸಿ, ಇಬ್ಬರೂ ಎತ್ತಿಕೊಂಡೇ ಇಳಿಸಿದರು. ನಾನು ಕೊಡೆ ಹಿಡಿದುಕೊಂಡು ಹಿಂದೆ ಹೋದೆ. ವಾಪಸು ತರುವಾಗ ಅವರು ಏನೋ ಹೇಳಿ ನಗುತ್ತಿದ್ದರು, ಮೌರೀನಳೂ ನಗುತ್ತಿದ್ದಳು. ಅವಳಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ.

ಚಹಾ ಕುಡಿಯುವಾಗ ಹೋಟೆಲಿನ ಮಾಲೀಕ ಬಂದು ಏನಾಗಿದೆ ಎಂದು ಕೇಳಿದ. ನಮ್ಮ ಇಂಗ್ಲೆಂಡಿನ ಊರಿನಲ್ಲಿ ಯಾರೂ ಹೀಗೆ ಕೇಳುವುದಿಲ್ಲ, ಕೇಳಿದರೆ ಅದು ಒರಟುತನ. ಇಲ್ಲಿ ಕೇಳದಿದ್ದರೆ ಒರಟುತನ. ಮಾಲೀಕ ತನ್ನ ಸೋದರಳಿಯನ ಆಸ್ಪತ್ರೆಯ ಚೀಟಿ ಕೊಟ್ಟ. ಚಿಕ್ಕಿ ಕಟ್ಟುವ ಹೆಂಗಸು ತಮ್ಮ ಹಳ್ಳಿಯಲ್ಲಿ ಎಣ್ಣೆ ಹಚ್ಚಿ ಮೂಳೆ ಕೂರಿಸುವ ಅಜ್ಜನ ಹೆಸರು ಹೇಳಿದಳು. ಡ್ರೈವರ್ ತನ್ನ ತಂಗಿಯನ್ನು ಉಳಿಸಿದ ಚಿಂಚವಡದ ಡಾಕ್ಟರ್ ದೇವರೇ ಎಂದ. ಚಹಾ ಮುಗಿಯುವಷ್ಟರಲ್ಲಿ ಐದು ಹೆಸರು ಸಿಕ್ಕಿದ್ದವು. ಮೌರೀನ್ ಎಲ್ಲ ಚೀಟಿಗಳನ್ನೂ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು. ಇವರೆಲ್ಲ ಖಾಲಿ ಕೂತಿರುತ್ತಾರೆಯೇ ಎಂದು ಕೇಳಿದಳು.

ನಿಗಡಿ

ಅಣ್ಣ ಶ್ರೀಪಾದ ನಲವತ್ತು ವರ್ಷದ ಹಿಂದೆ ಬ್ಯಾಂಕಿನ ಗುಮಾಸ್ತನಾಗಿ ಧಾರವಾಡದಿಂದ ಇಲ್ಲಿಗೆ ಬಂದವನು. ಮನೆಯೊಳಗೆ ಧಾರವಾಡದ ಕನ್ನಡ, ಹೊಸಿಲು ದಾಟಿದರೆ ಮರಾಠಿ. ವೈನಿಯಂತೂ ಒಂದೇ ವಾಕ್ಯದ ನಡುವೆ ಎರಡು ಸಲ ಹೊಸಿಲು ದಾಟುತ್ತಾಳೆ.

ಅವರ ಓಣಿಯಿಂದ ಬಸ್ ನಿಲ್ದಾಣದವರೆಗೆ ಡಾಕ್ಟರರ ಫಲಕಗಳೇ ಫಲಕಗಳು. ಹಲ್ಲು, ಕಣ್ಣು, ಚರ್ಮ, ಮಕ್ಕಳು, ಮೂಳೆ, ಮತ್ತೆ ಹಲ್ಲು. ಮೌರೀನ್ ರಿಕ್ಷಾದಲ್ಲಿ ಕೂತು ಬೆರಳು ಮಡಿಸುತ್ತ ಹೋದವಳು ಹತ್ತೊಂಬತ್ತಕ್ಕೆ ಬಿಟ್ಟುಬಿಟ್ಟಳು. ನಮ್ಮ ಊರಿನ ಒಂಬತ್ತು ಸಾವಿರ ಜನಕ್ಕೆ ಎರಡೂವರೆ ಡಾಕ್ಟರು. ಒಬ್ಬರು ಅರ್ಧ ವಾರ ಮಾತ್ರ ಬರುತ್ತಾರೆ.

ಮೂವರಿಗೆ ತೋರಿಸಬೇಕು, ಇಬ್ಬರು ಒಂದೇ ಮಾತು ಹೇಳಿದರೆ ಅದನ್ನು ಮಾಡಬೇಕು ಎನ್ನುವುದು ವೈನಿಯ ನಿಯಮ. ಒಂದೇ ದಿನದಲ್ಲಿ ಮೂವರಿಗೂ ತೋರಿಸಿಬಿಟ್ಟಳು. ಮೊದಲನೆಯ ಡಾಕ್ಟರರ ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲಿತ್ತು. ನಲವತ್ತು ಜನ ಕೂತಿದ್ದರು. ವೈನಿ ಕಂಪೌಂಡರನ ಕಿವಿಯಲ್ಲಿ ಏನೋ ಹೇಳಿದಳು, ನಮ್ಮನ್ನು ಮೊದಲು ಕರೆದರು. ಸರದಿ ಮುರಿಯುವುದಿಲ್ಲವೆಂದು ಮೌರೀನ್ ಕುರ್ಚಿ ಬಿಟ್ಟು ಏಳಲೇ ಇಲ್ಲ. ಕಾಯುತ್ತಿದ್ದವರೇ ಅವಳಿಗೆ ಕೈಮಾಡಿ, ಹೋಗಿ ಹೋಗಿ ಎಂದು ಒಳಗೆ ಕಳಿಸಿದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು, ಎರಡೂ ಕೀಲು ಬದಲಿಸಬೇಕು, ನಾಡಿದ್ದು ಬನ್ನಿ ಎಂದರು. ಎರಡನೆಯವರು ವಯಸ್ಸಾದವರು. ಕೊಯ್ಯುವುದೇ ಬೇಡ, ತೂಕ ಇಳಿಸಿ, ವ್ಯಾಯಾಮ ಮಾಡಿ ಎಂದರು. ದೂರದಿಂದ ಬಂದ ಅತಿಥಿ ಎಂದು ಫೀ ತೆಗೆದುಕೊಳ್ಳಲಿಲ್ಲ. ಮೂರನೆಯವರು ನಗರದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯವರು. ಅವಳನ್ನು ಹೊರಗಿನ ಪಡಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಸಿ ನೋಡಿ, ಎಡದ್ದು ಮಾತ್ರ ಸಾಕು, ಬಲದ್ದು ಇನ್ನೂ ಹತ್ತು ವರ್ಷ ಬಾಳುತ್ತದೆ ಎಂದರು. ಏನಾದರೂ ಕೇಳಬೇಕಿದ್ದರೆ ಇರಲಿ ಎಂದು ತಮ್ಮ ಮೊಬೈಲ್ ನಂಬರು ಬರೆದುಕೊಟ್ಟರು. ಮೌರೀನ್ ಆ ನಂಬರನ್ನು ಮನೆಗೆ ಬರುವ ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದುಕೊಂಡಿದ್ದಳು.

ಮೂವರು ಮೂರು ಮಾತು ಹೇಳಿದ್ದರು. ವೈನಿಯ ನಿಯಮ ಕೆಲಸಕ್ಕೆ ಬರಲಿಲ್ಲ. ಕಡೆಗೆ ಅಣ್ಣನೇ ತೀರ್ಪು ಕೊಟ್ಟ.

"ನಡಿಸಿ ನೋಡಿದವ ಒಬ್ಬನ. ಅವನ ಕಡೆನ ಹೋಗೂಣು."

ಕೌಂಟರಿನ ಮುಂದೆ

ಆಸ್ಪತ್ರೆಯ ಒಳಗೆ ಕಾಲಿಟ್ಟರೆ ಹೋಟೆಲಿಗೆ ಬಂದಂತೆ. ಹಣ್ಣಿನ ರಸದ ಅಂಗಡಿ, ಗಾಜಿನ ಲಿಫ್ಟು. ಆಪರೇಷನ್ನಿಗೆ ಎರಡು ದಿನ ಮೊದಲು ಮೌರೀನಳನ್ನು ಸೇರಿಸಲು ಹೋದೆವು. ಸೇರುವ ಮೊದಲು ಕೌಂಟರಿನಲ್ಲಿ ಮುಂಗಡ ಕಟ್ಟಬೇಕು. ಮೌರೀನ್ ಕಾರ್ಡು ಕೊಟ್ಟಳು, ರಸೀದಿ ಬಂತು.

ನಮ್ಮ ಪಕ್ಕದ ಕಿಟಕಿಯಲ್ಲಿ ಖಾಕಿ ಅಂಗಿಯ ಒಬ್ಬ ರಿಕ್ಷಾದವನು ನಿಂತಿದ್ದ. ಹೆಸರು ಸಂಜಯ, ಯೆರವಡಾದವನು ಎಂದು ಆಮೇಲೆ ತಿಳಿಯಿತು. ಅವನ ತಾಯಿ ಶಾಂತಾಬಾಯಿ ಸ್ಟ್ರೆಚರಿನ ಮೇಲಿದ್ದಳು. ಬೆಳಿಗ್ಗೆ ನಲ್ಲಿಯ ಹತ್ತಿರ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಕೌಂಟರಿನ ಹುಡುಗಿ ಅವನಿಗೆ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಹಾಸಿಗೆ ಇದೆ, ಡಾಕ್ಟರೂ ಇದ್ದಾರೆ, ಮುಂಗಡ ಕಟ್ಟಿದರೆ ಈಗಲೇ ಸೇರಿಸಿಕೊಳ್ಳುತ್ತೇವೆ ಎಂದಳು. ಅವನು ಮತ್ತೆ ಕೇಳಿದ. ಅವಳು ಮತ್ತೆ ಅದನ್ನೇ ಹೇಳಿದಳು, ದನಿ ಏರಿಸದೆ, ಮುಖ ಗಂಟಿಕ್ಕದೆ. ನಾನು ಹದಿನಾಲ್ಕು ವರ್ಷದಿಂದ ಫೋನಿನಲ್ಲಿ ಆಡುವ ದನಿ ಅದೇ. ನಾನು ಉಸಿರು ತೆಗೆದುಕೊಳ್ಳುವಲ್ಲೇ ಅವಳೂ ತೆಗೆದುಕೊಳ್ಳುತ್ತಿದ್ದಳು.

ಏನು ನಡೆದಿದೆ ಎಂದು ಮೌರೀನ್ ಕೇಳಿದಳು. ಹೇಳಿದೆ. ಡಾಕ್ಟರ್ ಇಲ್ಲವೇ ಎಂದಳು. ಇದ್ದಾರೆ ಎಂದೆ. ಹಾಸಿಗೆ ಇಲ್ಲವೇ? ಇದೆ. ಹಾಗಾದರೆ ಏನು ಇಲ್ಲ ಎಂದು ಕೇಳಿದಳು. ಆಮೇಲೆ ತನ್ನ ರಸೀದಿಯನ್ನು ಕೌಂಟರಿನ ಮೇಲಿಟ್ಟು, ನನ್ನ ಸರದಿ ಈ ತಾಯಿಗೆ ಕೊಡಿ, ಅವಳದು ಮುರಿದಿದೆ, ನನ್ನದು ಬರೀ ಸವೆದಿದೆ, ನಾನು ಕಾಯುತ್ತೇನೆ ಎಂದಳು. ಹುಡುಗಿಗೆ ಅವಳ ಮಾತು ಅರ್ಥವಾಗಲಿಲ್ಲ. ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದೆ, ಆಗಲೂ ಆಗಲಿಲ್ಲ. ಅಲ್ಲಿ ಸರದಿಯೇ ಇರಲಿಲ್ಲ, ಯಾರಿಗೆ ಏನನ್ನು ಬಿಟ್ಟುಕೊಡುವುದು?

ವೈನಿ ಮರಾಠಿಯಲ್ಲಿ ನಡುವೆ ಬಂದಳು. ಬಡವರಿಗೆಂದು ಮೀಸಲಿಟ್ಟ ಹಾಸಿಗೆಗಳಿರುತ್ತವಲ್ಲ ಎಂದು ಕೇಳಿದಳು. ಇವೆ, ಇವತ್ತು ಎಲ್ಲವೂ ತುಂಬಿವೆ ಎಂದಳು ಹುಡುಗಿ. ಅಷ್ಟರಲ್ಲಿ ಕೈಯಲ್ಲಿ ಹೆಲ್ಮೆಟ್ ಹಿಡಿದ ಒಬ್ಬ ತರುಣಿ ಡಾಕ್ಟರ್ ಹಾದುಹೋಗುತ್ತಿದ್ದವಳು ನಿಂತಳು. ಸ್ಟ್ರೆಚರಿನ ಮೇಲೆ ಬಾಗಿ ಮುದುಕಿಯ ನಾಡಿ ಹಿಡಿದು ನೋಡಿದಳು, ಪಾದದ ಬೆರಳು ಆಡಿಸಲು ಹೇಳಿದಳು. ಇಲ್ಲಿ ಹೊತ್ತು ಕಳೆಯಬೇಡ, ಸರ್ಕಾರಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಸಂಜಯನಿಗೆ ಹೇಳಿ, ಅಲ್ಲಿನ ಯಾರಿಗೋ ತಾನೇ ಫೋನ್ ಮಾಡಿದಳು. ವೈನಿ ನನಗೆ ಕನ್ನಡದಲ್ಲಿ ಏನೋ ಗೊಣಗಿದ್ದು ಅವಳ ಕಿವಿಗೆ ಬಿತ್ತು.

"ನೀವು ನಮ್ಮ ಕಡೆಯವರೇನ್ರಿ?" ಎಂದು ತಿರುಗಿದಳು. ಬೆಳಗಾವಿಯವಳು, ಹೆಸರು ಅಕ್ಷತಾ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರ್.

ಸಂಜಯ ತಾಯಿಯನ್ನು ಕರೆದುಕೊಂಡು ಹೊರಟಾಗ ವೈನಿ ಅವನ ನಂಬರು ಬರೆದುಕೊಂಡಳು.

ಆಪರೇಷನ್ನಿನ ಹಿಂದಿನ ದಿನ

ಮರುದಿನ ಮಧ್ಯಾಹ್ನ ನರ್ಸ್ ಬಂದು ಮರಾಠಿಯಲ್ಲಿ "ಉದ್ಯಾ ಸಕಾಳೀ ಭೂಲ್ ದೇಣಾರ್" ಎಂದಳು. ನನಗೆ ಗೊತ್ತಿದ್ದುದು ಹಿಂದಿಯ ಭೂಲ್. ನಾಳೆ ಬೆಳಿಗ್ಗೆ ತಪ್ಪು ಕೊಡುತ್ತಾರೆ ಎಂದು ಅರ್ಥ ಮಾಡಿಕೊಂಡು, ಯಾರು ತಪ್ಪು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಗಾಬರಿಯಾಗಿ ವೈನಿಗೆ ಫೋನ್ ಮಾಡಿದೆ. ಅವಳು ನಕ್ಕು ನಕ್ಕು ಸುಸ್ತಾಗಿ, ಮರಾಠಿಯಲ್ಲಿ ಅರಿವಳಿಕೆಗೆ ಭೂಲ್ ಎನ್ನುತ್ತಾರೆ ಎಂದು ಬಿಡಿಸಿ ಹೇಳಿದಳು. ಮೌರೀನಳಿಗೆ ಇದನ್ನು ನಾನು ತರ್ಜುಮೆ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಷತಾಳೇ ಬಂದಳು. ಮೌರೀನಳಿಗೆ ಹಿಂದೆ ಯಾವ ಆಪರೇಷನ್ ಆಗಿದೆ, ಯಾವ ಮಾತ್ರೆ ಆಗದು ಎಂದೆಲ್ಲ ಕೇಳಿ ಬರೆದುಕೊಂಡಳು. ನಾನು ಇಂಗ್ಲೆಂಡಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳೆಂದು ತಿಳಿದಾಗ ಪೆನ್ನು ಮುಚ್ಚಿ, ಸ್ಟೂಲ್ ಎಳೆದು ಕೂತುಬಿಟ್ಟಳು.

ಅವಳ ತಂದೆ ಬೆಳಗಾವಿಯಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತ. ಮಗಳ ಓದಿಗೆ ಇದ್ದದ್ದನ್ನೆಲ್ಲ ಸುರಿದಿದ್ದರು. ಅವಳು ಎರಡು ವರ್ಷ, ಸಂಜಯನನ್ನು ಕಳಿಸಿದ ಅದೇ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲಿದ್ದಳು. ಅಲ್ಲಿ ಪಗಾರ ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು. ಎಂಟು ತಿಂಗಳ ಹಿಂದೆ ಬಿಟ್ಟಳು. ಈಗ ಬೆಳಿಗ್ಗೆ ಈ ಆಸ್ಪತ್ರೆ, ಮಧ್ಯಾಹ್ನ ಇನ್ನೆರಡು ನರ್ಸಿಂಗ್ ಹೋಂ. ಒಂದೊಂದು ಆಪರೇಷನ್ನಿಗೆ ಇಷ್ಟು ಎಂದು ಕೊಡುತ್ತಾರೆ, ಇಲ್ಲದ ದಿನ ಇಲ್ಲ. ಹೆಲ್ಮೆಟ್ ಕೈಯಿಂದ ಇಳಿಯದ ಕಾರಣ ಅದು. ಇಂಗ್ಲೆಂಡಿಗೆ ಹೋಗಲು ಬೇಕಾದ ಪರೀಕ್ಷೆಗಳನ್ನು ಪಾಸು ಮಾಡಿಯಾಗಿತ್ತು. ಹೊರಡಬೇಕೋ ಬೇಡವೋ ಎನ್ನುವುದೊಂದೇ ಉಳಿದಿತ್ತು.

"ಮೇಡಮ್, ಅಲ್ಲೆ ಡಾಕ್ಟರು ಭಾಳ ಕಮ್ಮಿ ಅದಾರಂತಲ್ರಿ. ನಮ್ಮಂಥವರಿಗೆ ಲಗೂನ ಕೆಲಸ ಸಿಗ್ತದಲ್ರಿ?"

ಇದಕ್ಕೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಊರಿನಲ್ಲೇ, ಮೀನು ಕರಿದು ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ ಸೋಲಾಪುರದ ಒಬ್ಬ ತರುಣ ಡಾಕ್ಟರ್ ಇದ್ದಾನೆ. ಇದೇ ಪರೀಕ್ಷೆ ಪಾಸಾಗಿ ಬಂದವನು. ಹನ್ನೊಂದು ತಿಂಗಳಿಂದ ಕೆಲಸವಿಲ್ಲ. ಒಂದು ಜಾಗಕ್ಕೆ ನೂರಾರು ಅರ್ಜಿ ಬೀಳುತ್ತವೆ. ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಡಬ್ಬಿ ಜೋಡಿಸುತ್ತಾನೆ. ಅದೇ ಊರಿನಲ್ಲಿ ನಾನು ದಿನಾ ಡಾಕ್ಟರಿಲ್ಲ ಎಂದು ಜನರನ್ನು ವಾಪಸು ಕಳಿಸುತ್ತೇನೆ. ನಮ್ಮ ಕ್ಲಿನಿಕ್ಕಿಗೆ ಇನ್ನೊಬ್ಬ ಡಾಕ್ಟರ್ ಬೇಕು, ಪಗಾರ ಕೊಡಲು ದುಡ್ಡಿಲ್ಲ. ಕೆಲಸದಲ್ಲಿರುವ ಕಿರಿಯ ಡಾಕ್ಟರುಗಳೂ ಪಗಾರ ಸಾಲದೆಂದು ಫಲಕ ಹಿಡಿದು ಮಳೆಯಲ್ಲಿ ನಿಂತಿದ್ದನ್ನು ಕಂಡಿದ್ದೇನೆ. ರೋಗಿಗಳು ಡಾಕ್ಟರಿಗೆ ಕಾಯುತ್ತಾರೆ, ಡಾಕ್ಟರು ಕೆಲಸಕ್ಕೆ ಕಾಯುತ್ತಾರೆ. ಇದು ಹೇಗೆಂದು ನಮ್ಮ ಹಿರಿಯ ಡಾಕ್ಟರರನ್ನು ಒಮ್ಮೆ ಕೇಳಿದ್ದೆ. ಅವರು ಮುಂದಿನ ರೋಗಿಯ ಹೆಸರು ಕೂಗಿದ್ದರು.

ಇದೆಲ್ಲ ನಾಲಿಗೆಯ ತುದಿಗೆ ಬಂತು. ಆದರೆ ನಾಳೆ ಬೆಳಿಗ್ಗೆ ಮೌರೀನಳ ಬೆನ್ನಿಗೆ ಸೂಜಿ ಚುಚ್ಚುವವಳು ಇವಳೇ. ಇವತ್ತು ಇವಳ ಮನಸ್ಸು ಕೆಡಿಸುವುದು ಬೇಡ ಎನ್ನಿಸಿತು.

"ಸಿಗ್ತದ್ರಿ. ಯಾಕ ಸಿಗೂದಿಲ್ಲ?" ಎಂದೆ.

ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಒಳಗೊಳಗೇ ಅಳುಕಾಯಿತು. ಮರುದಿನ ಆಪರೇಷನ್ ಚೆನ್ನಾಗಿ ಆಯಿತು. ಅದರ ಮರುದಿನವೇ ಮೌರೀನಳನ್ನು ವಾಕರ್ ಹಿಡಿಸಿ ನಿಲ್ಲಿಸಿದರು. ನಾಲ್ಕು ಹೆಜ್ಜೆ ಇಟ್ಟು, ಬರೀ ಹೊಲಿಗೆಯ ನೋವು, ಒಳಗಿನ ನೋವು ಇಲ್ಲವೇ ಇಲ್ಲ ಎಂದು ಅತ್ತಳು. ಎರಡು ವರ್ಷದಲ್ಲಿ ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಅಳುಕನ್ನು ಆ ಸಂತೋಷದಲ್ಲಿ ಮರೆತುಬಿಟ್ಟೆ.

ಸರ್ಕಾರಿ ಆಸ್ಪತ್ರೆ

ಆಪರೇಷನ್ ಆದ ಐದನೆಯ ದಿನ ವೈನಿ ಸಂಜಯನಿಗೆ ಫೋನ್ ಮಾಡಿದಳು. ಶಾಂತಾಬಾಯಿಗೆ ಇನ್ನೂ ಆಪರೇಷನ್ ಆಗಿರಲಿಲ್ಲ. ನಾವಿಬ್ಬರೂ ನೋಡಲು ಹೋದೆವು.

ಉದ್ದನೆಯ ವಾರ್ಡು. ಮಂಚ ಸಿಗದವರು ಚಾಪೆಯ ಮೇಲೆ ಮಲಗಿದ್ದರು. ಮುರಿದ ಮೂಳೆ ಸರಿಯದಂತೆ ಶಾಂತಾಬಾಯಿಯ ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯಿಂದ ಮರಳಿನ ಚೀಲ ಇಳಿಬಿಟ್ಟಿದ್ದರು. ಅವಳು ನಮ್ಮನ್ನು ಗುರುತು ಹಿಡಿದು, ಗೋರಿ ಬಾಯಿ, ಎಂದರೆ ಆ ಬಿಳಿಯ ಹೆಂಗಸು, ನಡೆದಳೇ ಎಂದು ಕೇಳಿದಳು. ನಡೆದಳು ಎಂದು ನಾನು ತಲೆಯಾಡಿಸಿದೆ. ಒಳ್ಳೆಯದಾಯಿತು ಎಂದು ಶಾಂತಾಬಾಯಿ ನನ್ನ ಕೈ ಹಿಡಿದುಕೊಂಡಳು.

ಸಂಜಯ ವ್ಯವಸ್ಥೆಯನ್ನು ಬೈಯಲಿಲ್ಲ. ಇಲ್ಲಿ ಒಂದು ರೂಪಾಯಿ ಕೇಳಿಲ್ಲ, ಮೂಳೆ ಡಾಕ್ಟರು ಒಳ್ಳೆಯವರು, ಮೂಳೆಗೆ ಹಾಕುವ ಲೋಹದ ಪಟ್ಟಿಯೂ ಬಂದಿದೆ ಎಂದ. ವಾರದಿಂದ ರಿಕ್ಷಾ ಓಡಿಸದೆ ಅಲ್ಲೇ ಕೂತಿದ್ದ. ಮತ್ತೇನು ತಡ ಎಂದು ವೈನಿ ಕೇಳಿದಳು. ಭೂಲ್ ಕೊಡುವ ಡಾಕ್ಟರು ಸಾಲದು, ಒಬ್ಬರು ರಜೆಯ ಮೇಲಿದ್ದಾರೆ, ಇನ್ನೊಬ್ಬರ ಜಾಗ ಎಂಟು ತಿಂಗಳಿಂದ ಖಾಲಿ, ಹೆರಿಗೆಯ ಕೇಸುಗಳನ್ನು ಮೊದಲು ತೆಗೆದುಕೊಳ್ಳುತ್ತಾರೆ, ನಮ್ಮ ಹೆಸರು ದಿನಾ ಹಿಂದೆ ಹೋಗುತ್ತದೆ ಎಂದ.

ಎಂಟು ತಿಂಗಳು ಎಂದಾಗ, ಅದು ಅಕ್ಷತಾ ಬಿಟ್ಟುಬಂದ ಜಾಗ ಎಂದು ನನಗೆ ಹೊಳೆಯಿತು. ವಾಪಸು ಬರುವಾಗ ರಿಕ್ಷಾದಲ್ಲಿ ವೈನಿಗೆ ಹೇಳಿದೆ. ಅವಳು ನನ್ನ ಕಡೆ ತಿರುಗಿದಳು.

"ಆ ಹುಡಗೀದೇನ ತಪ್ಪದ, ಶಾಲೂ? ನಾಕ್ ನಾಕ್ ತಿಂಗಳ ಪಗಾರ ಇಲ್ಲದ ಯಾರ ದುಡೀತಾರ?"

ತಪ್ಪು ಅವಳದಲ್ಲ ಎಂದು ನನಗೂ ಗೊತ್ತಿತ್ತು. ಯಾರದು ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಕೌಂಟರಿನ ಹುಡುಗಿಯದೆಂದರೆ ನನ್ನದೂ ಹೌದು. ಮೌರೀನಳನ್ನು ಇಲ್ಲಿಗೆ ಕರೆತಂದದ್ದು ಸರಿಯೇ ಎಂದು ಯೋಚಿಸಿದೆ. ಅವಳ ನಾಲ್ಕು ಹೆಜ್ಜೆ ನೆನಪಾಗಿ, ಸರಿ ಎನ್ನಿಸಿತು. ಮರಳಿನ ಚೀಲ ನೆನಪಾಗಿ, ಹಾಗೆನ್ನಲು ಮನಸ್ಸು ಒಪ್ಪಲಿಲ್ಲ.

ಹೇಳಬೇಕಾದದ್ದು

ಮರುದಿನ ಬೆಳಿಗ್ಗೆ ಮೌರೀನಳ ಕೋಣೆಯ ಹೊರಗೆ ಅಕ್ಷತಾಳಿಗಾಗಿ ಕಾದು ನಿಂತೆ. ಶಾಂತಾಬಾಯಿಯ ಸ್ಥಿತಿ ಹೇಳಿದೆ. ಅವಳಿಗೆ ಅದೇನೂ ಹೊಸದಾಗಿರಲಿಲ್ಲ, ಆದರೂ ಮುಖ ಸಪ್ಪಗಾಯಿತು. ಆಮೇಲೆ ಸೋಲಾಪುರದ ಡಾಕ್ಟರನ ವಿಷಯ ಹೇಳಿದೆ. ಅರ್ಜಿಗಳು, ಹನ್ನೊಂದು ತಿಂಗಳು, ಡಬ್ಬಿ ಜೋಡಿಸುವ ಕೆಲಸ, ಎಲ್ಲವನ್ನೂ. ಅವತ್ತು ಯಾಕೆ ಹೇಳಲಿಲ್ಲ ಎನ್ನುವುದನ್ನೂ ಮುಚ್ಚಿಡದೆ ಹೇಳಿದೆ.

ಅವಳು ಹೆಲ್ಮೆಟ್ಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಇದನ್ನ ಅವತ್ತ ಹೇಳಬೇಕಿತ್ರಿ. ನಾ ಇಲ್ಲೀ ಕೆಲಸ ಬಿಡ್ತೀನಂತ ಬರದುಕೊಟ್ಟು ನಾಕ್ ದಿನಾತು. ಮರುದಿನಾನ ನನ್ನ ಜಾಗಾಕ್ಕ ಬ್ಯಾರೆಯವರನ್ನ ತಗೊಂಡ್ರು."

ನನ್ನ ಮಾತು ಕೇಳಿಯೇ ಬರೆದುಕೊಟ್ಟೆಯಾ ಎಂದು ಕೇಳಿದೆ. ಬರೀ ಅದಕ್ಕಲ್ಲ, ಮನಸ್ಸಿನಲ್ಲಿ ಮೊದಲೇ ಇತ್ತು ಎಂದಳು. ಆದರೆ ಅಲ್ಲೇ ಕೆಲಸ ಮಾಡುವವರೇ ಸಿಗುತ್ತದೆ ಎಂದಿದ್ದಾರೆ ಎಂದು ಅಪ್ಪನಿಗೆ ಹೇಳಿ ಒಪ್ಪಿಸಿದ್ದಳಂತೆ. ನಾನು ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಆ ಸೋಲಾಪುರದವನು ಮನೆಯಲ್ಲಿ ಹೇಳಿದ್ದಾನೆಯೇ ಎಂದು ಮಾತ್ರ ಕೇಳಿದಳು. ಕೆಲಸ ಸಿಕ್ಕಿದೆ ಎಂದು ಹೇಳಿದ್ದಾನೆ ಎಂದೆ. ಅವಳು ಹೆಲ್ಮೆಟ್ ತೆಗೆದುಕೊಂಡು ಹೋದಳು.

ಒಳಗೆ ಬಂದು ಮೌರೀನಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತ, ನನಗೆ ನೀನು ಎರಡು ವರ್ಷ ಇಲ್ಲ ಇಲ್ಲ ಎಂದೆ, ಅದು ನಿಜವಾಗಿತ್ತು, ನಾನು ಅದಕ್ಕೆ ತಕ್ಕಂತೆ ಏನಾದರೂ ಮಾಡಬಹುದಿತ್ತು, ಮಾಡಿದೆ ಎಂದಳು. ಅಷ್ಟೇ. ಅದು ಬೈಗುಳವೋ ಸಮಾಧಾನವೋ ನನಗೆ ಗೊತ್ತಾಗಲಿಲ್ಲ.

ಮೂರನೆಯ ದಿನ ಸಂಜಯನ ಫೋನ್ ಬಂತು. ತಾಯಿಗೆ ಆಪರೇಷನ್ ಆಗಿತ್ತು. ಭೂಲ್ ಕೊಡಲು ಹೊರಗಿನಿಂದ ಒಬ್ಬ ಮೇಡಮ್ ಬಂದಿದ್ದರು, ಅವತ್ತು ಕೌಂಟರಿನ ಹತ್ತಿರ ನಾಡಿ ಹಿಡಿದವರೇ ಎಂದ. ಅಲ್ಲಿನ ಹಿರಿಯ ಡಾಕ್ಟರಿಗೆ ಅಕ್ಷತಾ ತಾನೇ ಫೋನ್ ಮಾಡಿ, ಕರೆದರೆ ಬರುತ್ತೇನೆ ಎಂದಿದ್ದಳಂತೆ.

ನಿಗಡಿ, ಕೊನೆಯ ವಾರ

ವಿಮಾನ ಹತ್ತಲು ಡಾಕ್ಟರು ಆರು ವಾರ ತಡೆಯಿರಿ ಎಂದಿದ್ದರು. ಅಷ್ಟೂ ದಿನ ಮೌರೀನ್ ಅಣ್ಣನ ಮನೆಯಲ್ಲಿದ್ದಳು. ವೈನಿ ಬಡಿದು ಹಾಕುವ ಜೋಳದ ರೊಟ್ಟಿ ಅವಳಿಗೆ ಹಿಡಿಸಿತು. "ಸಾಕ್ರಿ" ಎನ್ನಲು ಕಲಿತಳು, ಆದರೆ ಅದನ್ನು ಕೇಳಿ ಯಾರೂ ಬಡಿಸುವುದನ್ನು ನಿಲ್ಲಿಸುವುದಿಲ್ಲವೇಕೆ ಎಂದು ಅವಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಸಂಜೆ ಓಣಿಯಲ್ಲಿ ಕೋಲು ಹಿಡಿದು ನಡೆಯುತ್ತಿದ್ದಳು. ಅಣ್ಣನ ಗೆಳೆಯರು ಅಕ್ಕಪಕ್ಕ ನಡೆಯುತ್ತ ಅವಳಿಗೆ ತಮ್ಮ ತಮ್ಮ ಡಾಕ್ಟರರ ಹೆಸರು ಹೇಳುತ್ತಿದ್ದರು.

ಹೊರಡುವ ಹಿಂದಿನ ಭಾನುವಾರ ಅಕ್ಷತಾ ಬಂದಳು. ನಾನು ಕರೆದಿದ್ದೆ, ಬರುತ್ತಾಳೆಂದುಕೊಂಡಿರಲಿಲ್ಲ. ಮೌರೀನಳನ್ನು ಅಡುಗೆಮನೆಯಿಂದ ಬಾಗಿಲವರೆಗೆ ನಡೆಸಿ ನೋಡಿದಳು, ಶಾಂತಾಬಾಯಿಯೂ ಮಗನ ಹೆಗಲು ಹಿಡಿದು ನಡೆಯುತ್ತಿದ್ದಾಳೆ ಎಂದಳು. ಊಟಕ್ಕೆ ಕೂತಾಗ ತನ್ನ ವಿಷಯ ಹೇಳಿದಳು. ದೊಡ್ಡ ಖಾಸಗಿ ಆಸ್ಪತ್ರೆಯ ಜಾಗ ಹೋಯಿತು, ನರ್ಸಿಂಗ್ ಹೋಂಗಳು ಇವೆ. ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ, ಕೇಸಿಗೆ ಇಷ್ಟೆಂದು ಲೆಕ್ಕ. ಖಾಲಿ ಜಾಗ ತುಂಬಿಸಲು ಹಿರಿಯ ಡಾಕ್ಟರು ಮೇಲಕ್ಕೆ ಬರೆದಿದ್ದಾರೆ. ಇಂಗ್ಲೆಂಡಿನ ಕಾಗದಗಳು ಹಾಗೇ ಇವೆ. ಯಾವಾಗ ಹೊರಡುತ್ತೀ ಎಂದು ಅಪ್ಪ ದಿನಾ ಕೇಳುತ್ತಾರೆ.

"ಮಾವಶಿ, ಈಗರೆ ಖರೇ ಹೇಳ್ರಿ. ನಾ ಬರಲ್ಯೋ ಬ್ಯಾಡೋ?"

ಮೊದಲ ಸಲ ಅವಳು ನನ್ನನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎಂದಿದ್ದಳು. ನನಗೆ ಗೊತ್ತಿಲ್ಲವ್ವಾ ಎಂದೆ. ನಮ್ಮಿಬ್ಬರ ಮುಖ ನೋಡಿ ಮೌರೀನ್ ಏನೆಂದು ಕೇಳಿದಳು. ತರ್ಜುಮೆ ಮಾಡಿದೆ. ಅವಳು ರೊಟ್ಟಿಯ ತುಂಡನ್ನು ತಟ್ಟೆಯಲ್ಲಿಟ್ಟಳು. ಬಾ ಎಂದು ಹೇಳು, ನಮ್ಮ ಊರಿಗೆ ಇಂಥವಳು ಬೇಕು, ಕೆಲಸ ಸಿಗುವವರೆಗೆ ನನ್ನ ಮನೆಯ ಮೇಲಿನ ಕೋಣೆಯಲ್ಲಿ ಇರಲಿ, ಬಾಡಿಗೆ ಬೇಡ ಎಂದಳು. ಆಮೇಲೆ, ಬರಬೇಡ ಎಂದು ಹೇಳು, ಇವಳು ಬಂದರೆ ಆ ವಾರ್ಡಿನ ಮುದುಕಿಯರ ಗತಿಯೇನು ಎಂದಳು.

ಎರಡರಲ್ಲಿ ಯಾವುದನ್ನು ಹೇಳಲಿ ಎಂದು ಕೇಳಿದೆ.

ಎರಡನ್ನೂ ಹೇಳು ಎಂದಳು.

ಎರಡನ್ನೂ ಹೇಳಿದೆ. ಅಕ್ಷತಾ ಊಟ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ಎರಡೂ ಖರೇನ ಅದಾವಲ್ರಿ," ಎಂದು, ವೈನಿಯಿಂದ ಇನ್ನರ್ಧ ರೊಟ್ಟಿ ಹಾಕಿಸಿಕೊಂಡಳು. ಅದನ್ನು ಮುಗಿಸುವ ಮೊದಲೇ ಫೋನ್ ಬಂತು. ಮರಾಠಿಯಲ್ಲಿ ಬರುತ್ತೇನೆ, ಬರುತ್ತೇನೆ ಎಂದು ಹೇಳುತ್ತಲೇ ಕೈ ತೊಳೆದು ಹೊರಟಳು.

ನಾವು ಮರಳಿ ಬಂದು ಈಗ ಮೂರು ತಿಂಗಳಾಯಿತು. ಮೊನ್ನೆ ಅಕ್ಷತಾಳಿಂದ ನಾಲ್ಕು ಸಾಲಿನ ಸಂದೇಶ ಬಂತು. ಮೊದಲ ತಿಂಗಳ ಹಣ ಬಂದಿದೆ, ಎರಡನೆಯದು ಬಂದಿಲ್ಲ, ಖಾಲಿ ಜಾಗಕ್ಕೆ ತನ್ನನ್ನು ತೆಗೆದುಕೊಳ್ಳುವ ಆದೇಶ ಇವತ್ತು ನಾಳೆ ಎನ್ನುತ್ತಿದ್ದಾರೆ, ಮೌರೀನ್ ಅಜ್ಜಿಯ ಕೋಣೆ ಮಾರ್ಚಿನವರೆಗೆ ಕಾಯುತ್ತದೆಯೇ ಎಂದು ಕೇಳಿದ್ದಳು. ಅದನ್ನು ಓದಿ ಹೇಳಲು ಮೌರೀನಳ ಮನೆಗೆ ಹೋದೆ. ಅವಳು ಮೇಲಿನ ಕೋಣೆಯಲ್ಲಿ ಸಣ್ಣ ಏಣಿಯ ಮೇಲೆ ನಿಂತು ಗೋಡೆಗೆ ಹಳದಿ ಬಣ್ಣ ಬಳಿಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, ಕೋಣೆ ಮಾರ್ಚಿಗೆ ತಯಾರಿರುತ್ತದೆ ಎಂದು ಬರಿ ಎಂದಳು. ಬ್ರಷ್ಷನ್ನು ಮತ್ತೊಮ್ಮೆ ಅದ್ದಿ, ಆ ಆದೇಶ ಅಷ್ಟರೊಳಗೆ ಬರಲಿ ಎಂದು ನಾನು ದೇವರಲ್ಲಿ ಕೇಳಿಕೊಳ್ಳುತ್ತಿದ್ದೇನೆ ಎಂದೂ ಬರಿ ಎಂದಳು.